ಬೆಳಗಿನ ಜಾವದ ದ್ರೌಪದಿ

"ತಮ್ಮಾ, ಈಕಿ ಅಳಾಕತ್ಯಾಳೋ, ಹಾಡಾಕತ್ಯಾಳೋ? ತಿಳಿವಲ್ದು ನೋಡು."

ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಸುತ್ತಲಿನ ಒಂದು ಹಳ್ಳಿ. ಜಾತ್ರೆಯ ಮರುದಿನದ ನಾಟಕ, ‘ರಕ್ತರಾತ್ರಿ’. ರಂಗದ ಮೇಲೆ ದ್ರೌಪದಿ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದರು. ಮೆಚ್ಚಿ ಹೇಳಿದರೋ ಬೇಸರದಿಂದ ಹೇಳಿದರೋ ಆಗ ತಿಳಿಯಲಿಲ್ಲ. ಆಮೇಲೆ ಗಂಗಾವತಿ, ಯಲಬುರ್ಗಾ, ಕೊಪ್ಪಳದ ಸೀಮೆಯಲ್ಲಿ ಎಷ್ಟೋ ‘ರಕ್ತರಾತ್ರಿ’ ನೋಡಿದೆ. ಪ್ರತಿ ದ್ರೌಪದಿಯ ಎದುರೂ ಅದೇ ಪ್ರಶ್ನೆ ಇಟ್ಟುಕೊಂಡು ಕೂತೆ. ಈ ಪಾತ್ರವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇನ್ನೂ ಸಿಕ್ಕಿಲ್ಲ.

‘ರಕ್ತರಾತ್ರಿ’ ಬರೆದವರು ಕಂದಗಲ್ಲ ಹನುಮಂತರಾಯರು (1896–1966). ಕುಷ್ಟಗಿಯಿಂದ ಉತ್ತರಕ್ಕೆ ಹೊರಟರೆ ಇಳಕಲ್, ಅದರ ನೆರೆಯಲ್ಲೇ ಅವರ ಊರು. ವಿಜಯಪುರದ ರಂಗಮಂದಿರಕ್ಕೆ ಇವತ್ತಿಗೂ ಅವರದೇ ಹೆಸರು. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಮಕ್ಕಳಾದ ಉಪಪಾಂಡವರನ್ನು ಕೊಂದ ಕಥೆ ಇದರ ಬೆನ್ನೆಲುಬು. ಎಷ್ಟೋ ಕಂಪನಿಗಳ ತಂಬು ಕಿತ್ತು ದಶಕಗಳಾದರೂ ನಮ್ಮ ಹಳ್ಳಿಗಳು ಈ ನಾಟಕವನ್ನು ಬಿಟ್ಟಿಲ್ಲ. ಸುಗ್ಗಿ ಮುಗಿದ ಮೇಲೆ ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಸೀನರಿ ಬಾಡಿಗೆಗೆ ತಂದು, ಹೊಲದಲ್ಲಿ ದುಡಿಯುವ ಹುಡುಗರೇ ಭೀಮ, ದುರ್ಯೋಧನ, ಶಕುನಿಯಾಗಿ ನಿಲ್ಲುತ್ತಾರೆ. ರಾತ್ರಿ ಹತ್ತೂವರೆಗೆ ನಾಂದಿ ಆದರೆ ಮಂಗಳ ಆಗುವುದು ಮೂಡಣ ಬೆಳ್ಳಗಾಗುವ ಹೊತ್ತಿಗೆ. ಮಕ್ಕಳ ಹೆಣ ಕಾಣುವ ದ್ರೌಪದಿಯ ಪಾಲಿಗೆ ಬರುವುದು ಆ ಜಾವದ ತಣ್ಣನೆಯ ಹೊತ್ತು. ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಅವರನ್ನು ಎಬ್ಬಿಸುವುದೋ, ಎಚ್ಚರ ಇದ್ದವರನ್ನು ಹಿಡಿದಿಡುವುದೋ ಎಂಬುದು ಆಕೆಯ ಮೊದಲ ಆಯ್ಕೆ.

ದ್ರೌಪದಿ ಊರವಳಲ್ಲ. ಬಳ್ಳಾರಿಯಿಂದಲೋ ಗದಗದಿಂದಲೋ ಸಂಜೆ ಬಸ್ಸಿಗೆ ಬಂದಿಳಿಯುತ್ತಾಳೆ. ಊಟ ಮುಗಿಸಿ, ಬಣ್ಣ ಹಚ್ಚಿಕೊಳ್ಳುತ್ತಲೇ ಪೇಟಿ ಮಾಸ್ತರರನ್ನು ಕರೆದು ತನ್ನ ಶ್ರುತಿಯ ಪಟ್ಟಿ ಕರಿ ಎರಡೋ ಬಿಳಿ ನಾಲ್ಕೋ ಎಂದು ತಿಳಿಸುತ್ತಾಳೆ. ಭೀಮ ಯಾರು ಎಂದು ಕೇಳಿ ಮುಖ ನೋಡಿಕೊಳ್ಳುತ್ತಾಳೆ. ತಾಲೀಮು ಅಂದರೆ ಇಷ್ಟೇ. ಇಡೀ ಪಾತ್ರ ಆಕೆಯ ನಾಲಿಗೆಯ ಮೇಲಿದೆ, ಎದುರಿನ ಭೀಮನೋ ಇಂದೇ ಮೊದಲ ಸಲ ಕಂಡವನು. ಈ ನಟಿಯರ ಪಾತ್ರ ನಿರ್ವಹಣೆಯನ್ನು ಬೆಂಗಳೂರಿನ ರಂಗಮಂದಿರದಲ್ಲಿ ಎರಡು ತಿಂಗಳು ತಾಲೀಮು ಮಾಡಿದವರ ಜೊತೆ ತೂಗುವುದು ಅನ್ಯಾಯ. ಆದರೆ ಅವರವರ ನಡುವೆ ತೂಗಲೇಬೇಕು. ಎಲ್ಲ ದ್ರೌಪದಿಯರೂ ಒಂದೇ ಅಂದುಬಿಟ್ಟರೆ ಅವರ ಕಲೆಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಮ್ಮ ಕೊಪ್ಪಳ ಜಿಲ್ಲೆಗೆ ಎರಡು ದಿಕ್ಕಿನ ಗಾಳಿ. ಪಡುವಣಕ್ಕೆ ಗದಗ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಹಿಂದೂಸ್ತಾನಿ ಗಾಯನ ಯಲಬುರ್ಗಾ, ಕೂಕನೂರಿನ ಕಿವಿಯನ್ನು ತಿದ್ದಿದೆ. ಆಶ್ರಮವೇ ಒಂದು ಕಾಲಕ್ಕೆ ನಾಟಕ ಕಂಪನಿ ನಡೆಸಿತ್ತು, ಅಲ್ಲಿ ಕಲಿತವರು ಎಷ್ಟೋ ಊರುಗಳಲ್ಲಿ ಪೇಟಿ ಹಿಡಿದರು. ಮೂಡಣಕ್ಕೆ ಬಳ್ಳಾರಿ, ಅದರಾಚೆ ತೆಲುಗು ಸೀಮೆಯ ಪದ್ಯನಾಟಕ. ತುಂಗಭದ್ರಾ ಅಣೆಕಟ್ಟಿನ ನೀರು ಬಂದ ಮೇಲೆ ಗಂಗಾವತಿ, ಕಾರಟಗಿಯ ಕ್ಯಾಂಪುಗಳಿಗೆ ಆಂಧ್ರದ ರೈತರು ಬಂದು ನೆಲೆಸಿದರು. ಪದ್ಯದ ಕೊನೆಯ ಅಕ್ಷರವನ್ನು ಉಸಿರು ಇರುವಷ್ಟು ದೂರ ಎಳೆಯುವ ರುಚಿ ಅಲ್ಲಿ ಇನ್ನಷ್ಟು ಬಲಿಯಿತು. ಹಾಗಾಗಿ ಒಂದೇ ದ್ರೌಪದಿ ಗಂಗಾವತಿಯಲ್ಲಿ ಒಂದು ಬಗೆ, ಯಲಬುರ್ಗಾದಲ್ಲಿ ಇನ್ನೊಂದು ಬಗೆ.

ಗಂಗಾವತಿ ಕಡೆ ನಾನು ಕಂಡ ದ್ರೌಪದಿ ಸಿಟ್ಟಿನ ಹೆಣ್ಣು. ಮಕ್ಕಳ ಮುಖದ ಮೇಲಿನ ಬಟ್ಟೆ ಸರಿಸಿದವಳೇ ಎದ್ದು ನಿಂತಳು, ಭೀಮನತ್ತ ಬೆರಳು ತೋರಿಸಿ ಕಂದಪದ್ಯ ಎತ್ತಿದಳು. ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳಿತು. ಹಿಂದಿನ ಸಾಲಿನವರೂ ಸರಿದು ಕೂತರು. ಕೊನೆಯ ಎಳೆತಕ್ಕೆ ಶಿಳ್ಳೆ, ಒನ್ಸ್ ಮೋರ್, ಮೈಕಿನಲ್ಲಿ ಬಹುಮಾನ ಕೊಟ್ಟವರ ಹೆಸರು. ಆಕೆ ಕೈಮುಗಿದು ಅದೇ ಕಂದವನ್ನು ಇನ್ನೊಮ್ಮೆ ಹಾಡಿದಳು. ಮೊದಲ ಸಲ ಮೈ ಜುಮ್ಮೆಂದಿತ್ತು. ಎರಡನೆಯ ಸಲಕ್ಕೆ ಮಕ್ಕಳ ಹೆಣ ರಂಗದಿಂದ ಮಾಯವಾಗಿತ್ತು, ಉಳಿದದ್ದು ಕಂಠ ಒಂದೇ. ದೋಷ ನಟಿಯ ತಲೆಗೆ ಕಟ್ಟಲಾರೆ. ಆ ಬಹುಮಾನದ ದುಡ್ಡಿನಲ್ಲಿ ಒಂದು ಮನೆ ನಡೆಯುತ್ತದೆ. ಪ್ರೇಕ್ಷಕರಾದ ನಾವು ಅಲ್ಲಿ ಚಪ್ಪಾಳೆಗೆ ತಡೆ ಹಾಕಿಕೊಳ್ಳಬೇಕಿತ್ತು.

ಹನುಮಸಾಗರದ ಕಡೆಯ ದ್ರೌಪದಿ, ಹಿರಿಯರು ಪ್ರಶ್ನೆ ಎತ್ತಿದವಳು, ಗದಗಿನ ದಾರಿಯವಳು. ನೆಲಕ್ಕೆ ಕುಸಿದು ಕೂತು ರಾಗ ಹಿಡಿದಳು. ಸ್ವರ ಮಂದ್ರಕ್ಕೆ ಇಳಿಯುವಾಗ ಎದೆಯೊಳಗೆ ಏನೋ ಜಾರಿದಂತಾಯಿತು. ಆದರೆ ರಾಗ ಬೆಳೆಯಿತು, ಆಲಾಪಕ್ಕೆ ತಾನ ಸೇರಿತು, ತಬಲಾದವನು ಸವಾಲು ಹಾಕಿದ, ಆಕೆ ಉತ್ತರ ಕೊಟ್ಟಳು. ದುಃಖ ಹಾಡಾದದ್ದು ಸರಿ. ಹಾಡು ಕಛೇರಿಯಾದಾಗ ತಾಯಿ ಎದ್ದು ಹೋದಳು. ಹಿರಿಯರ ಮಾತು ಆಕ್ಷೇಪವೇ ಆಗಿತ್ತು ಎಂದು ಈಗ ನಂಬಿದ್ದೇನೆ.

ಸುಮ್ಮನೆ ಗಾಯನ ಶೈಲಿಯ ಜಗಳ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ದ್ರೌಪದಿಯೊಳಗೇ ಇಬ್ಬರು ಹೆಂಗಸರಿದ್ದಾರೆ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಆಕೆ ಅಶ್ವತ್ಥಾಮನ ಜೀವ ಬೇಕೆಂದು ಪ್ರಾಯೋಪವೇಶಕ್ಕೆ ಕೂರುತ್ತಾಳೆ, ಅವನ ತಲೆಯ ಮಣಿ ಕೈಗೆ ಬರುವವರೆಗೆ ಏಳುವುದಿಲ್ಲ. ಭಾಗವತದಲ್ಲಿ ಅದೇ ದ್ರೌಪದಿ, ಕಟ್ಟಿ ತಂದ ಅಶ್ವತ್ಥಾಮನನ್ನು ಕಂಡು, ನನ್ನ ಹಾಗೆ ಇವನ ತಾಯಿ ಕೃಪಿಯೂ ಅಳುವುದು ಬೇಡ, ಬಿಟ್ಟುಬಿಡಿ ಅನ್ನುತ್ತಾಳೆ. ಒಬ್ಬಳಿಗೆ ಸೇಡು ಬೇಕು, ಇನ್ನೊಬ್ಬಳಿಗೆ ಇನ್ನೊಬ್ಬ ತಾಯಿಯ ನೋವು ಕಾಣುತ್ತದೆ. ಬಳ್ಳಾರಿಯ ಕಂದ ಮೊದಲನೆಯವಳನ್ನು ಎಬ್ಬಿಸುತ್ತದೆ, ಗದಗಿನ ರಾಗ ಎರಡನೆಯವಳ ಹತ್ತಿರ ಹೋಗುತ್ತದೆ. ಇಬ್ಬರನ್ನೂ ಒಂದೇ ಮೈಯಲ್ಲಿ ತಾಳಿಕೊಳ್ಳುವ ನಟಿಯನ್ನು ದೊಡ್ಡವಳೆಂದು ಕರೆಯುತ್ತೇನೆ.

ನಮ್ಮ ಭಾಗದ ಜನ ದ್ರೌಪದಿ ಅಂದ ಕೂಡಲೇ ನೆನೆಯುವುದು ಬಳ್ಳಾರಿಯ ಸುಭದ್ರಮ್ಮ ಮನ್ಸೂರರನ್ನು. 2020ರ ಜುಲೈನಲ್ಲಿ ಅವರು ತೀರಿಕೊಂಡಾಗ, ಅವರನ್ನು ದ್ರೌಪದಿಯಾಗಿಯೇ ಕಳಿಸಿಕೊಟ್ಟೆವು. ಮಾತಿಗೂ ಹಾಡಿಗೂ ನಡುವೆ ಹೊಲಿಗೆ ಕಾಣದ ಹಾಗೆ ದಾಟುವುದು ಅವರ ಹಿರಿಮೆ. ಆದರೆ ಅವರ ಹೆಸರು ಈಗ ಕಿರಿಯ ನಟಿಯರ ಮೇಲೆ ಬೀಸುವ ಕೋಲಾಗಿದೆ. "ಸುಭದ್ರಮ್ಮನ್ನ ನೋಡಿದವ್ರಿಗೆ ಇದೆಂಥಾದ್ದು" ಎಂಬ ಮಾತು ಪ್ರತಿ ನಾಟಕದಲ್ಲೂ ಕಿವಿಗೆ ಬೀಳುತ್ತದೆ. ಹೀಗಾಗಿ ಹುಡುಗಿಯರು ಅವರ ಏರು ದನಿಯನ್ನಷ್ಟೇ ಎತ್ತಿಕೊಳ್ಳುತ್ತಾರೆ, ಮಾತಿನಿಂದ ಹಾಡಿಗೆ ದಾಟುವ ಆ ಕುಸುರಿ ಕೈಗೆ ಸಿಗದೆ ಉಳಿಯುತ್ತದೆ.

ಹೆಣ್ಣೇ ಆಡಬೇಕೆಂಬ ನಿಯಮವೂ ಇಲ್ಲಿಲ್ಲ. ದೊಡ್ಡಾಟದ ವಸ್ತ್ರಾಪಹರಣದಲ್ಲಿ ಗಂಡಸೇ ಸೀರೆ ಉಟ್ಟು ಬರುತ್ತಾನೆ. ಯಲಬುರ್ಗಾ ಕಡೆ ಕಂಡ ಒಬ್ಬನ ನೆನಪು ಮಾಸಿಲ್ಲ. ಹೆಣ್ಣಿನ ದನಿಯನ್ನು ಅನುಕರಿಸಲು ಹೋಗಲಿಲ್ಲ, ತನ್ನ ಒರಟು ದನಿಯಲ್ಲೇ ಹಾಡಿದ. ಮುಮ್ಮೇಳದ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುವಾಗ ಅವನು ಬರೀ ಹೆಜ್ಜೆ ಹಾಕಿದ. ಆ ಬಿಡುವಿನಲ್ಲಿ ಅವಮಾನ ಒಳಗಿಳಿಯಿತು. ಇನ್ನು ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ತೊಗಲುಗೊಂಬೆಯಲ್ಲಿ ಆಡಿಸುತ್ತಾ ಬಂದವರು. ತೊಗಲಿನ ಮುಖಕ್ಕೆ ಅಳಲು ಬಾರದು, ಹುಬ್ಬು ಏರದು. ದುಃಖವೂ ಸಿಟ್ಟೂ ಬರಬೇಕಾದರೆ ಗಂಟಲಿನಿಂದಲೇ ಬರಬೇಕು. ಛತ್ತೀಸಗಡದ ತೀಜನ್ ಬಾಯಿ ಪಂಡವಾನಿಯಲ್ಲಿ ಒಂದು ತಂಬೂರಿ ಹಿಡಿದು ಭೀಮನೂ ದ್ರೌಪದಿಯೂ ತಾನೇ ಆದಂತೆ, ಇಲ್ಲಿ ಪರದೆಯ ಹಿಂದಿನ ಒಂದು ಕಂಠ ಇಡೀ ಕುರುವಂಶ. ರಂಗದ ದ್ರೌಪದಿಯರು ಒಮ್ಮೆ ಆ ಪರದೆಯ ಮುಂದೆ ಕೂರಬೇಕು ಎನ್ನುವುದು ನನ್ನ ಆಸೆ. ಒದ್ದೆ ಕಣ್ಣು, ನಡುಗುವ ಕೈ ಏನೂ ಇಲ್ಲದೆ ದನಿಯೊಂದೇ ಎಷ್ಟು ಹೊರಬಲ್ಲದು ಎಂಬುದು ಅಲ್ಲಿ ತಿಳಿಯುತ್ತದೆ.

ನನ್ನ ಮಟ್ಟಿಗೆ ಆ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೊಪ್ಪಳದ ಹತ್ತಿರದ ಒಂದು ಊರಿನಲ್ಲಿ. ನಟಿ ನಡುವಯಸ್ಸಿನವಳು. ಗಂಟಲು ಆಗಲೇ ಸ್ವಲ್ಪ ಒಡೆದಿತ್ತು, ಮೊದಲ ಅಂಕದಲ್ಲಿ ಜನ ಗೊಣಗಿದ್ದರು. ಬೆಳಗಿನ ಜಾವ ಹೆಣದ ದೃಶ್ಯ ಬಂತು. ಮಾಸ್ತರರು ಪೇಟಿಯಲ್ಲಿ ಸುರ ಕೊಟ್ಟರು. ಆಕೆ ಎತ್ತಲಿಲ್ಲ. ಮಕ್ಕಳಾಗಿ ಮಲಗಿದ್ದವರು ಊರ ಶಾಲೆಯ ಹುಡುಗರು. ಒಬ್ಬೊಬ್ಬರ ಹೊದಿಕೆ ಸರಿಸುತ್ತಾ ಹೋದಳು. ಮಾಸ್ತರರು ಮತ್ತೆ ಸುರ ಕೊಟ್ಟರು. ಮೂರನೆಯ ಹುಡುಗನ ಕೂದಲು ಹಣೆಯಿಂದ ಹಿಂದಕ್ಕೆ ಸವರಿದಳು. ಸುರ ನಿಲ್ಲದೆ ಗುನುಗುತ್ತಲೇ ಇತ್ತು. ಭೀಮನ ಪಾತ್ರದ ಹುಡುಗ ತನ್ನ ಮಾತು ಮರೆತು, ಗದೆ ಕೆಳಗಿಟ್ಟ. ಐದನೆಯವನ ಬಳಿ ಕೂತ ಮೇಲೆ ಹಾಡು ಬಂತು, ಅದೂ ಕೆಳಗಿನ ಷಡ್ಜದಲ್ಲಿ, ಮಗುವನ್ನು ಮಲಗಿಸುವಾಗಿನ ದನಿಯಲ್ಲಿ. ಎರಡನೆಯ ಸಾಲಿಗೆ ತಲೆ ಎತ್ತಿದಳು. ಆಗ ಕಂಡ ಕಣ್ಣು ಸಿಟ್ಟಿನದು. ದನಿ ಮಾತ್ರ ಜೋಗುಳದಲ್ಲೇ ಇತ್ತು. ಸೇಡಿನ ಮಾತುಗಳನ್ನು ಆಕೆ ಆ ದನಿಯಲ್ಲಿಯೇ ಹಾಡಿ ಮುಗಿಸಿದಳು.

ಒನ್ಸ್ ಮೋರ್ ಯಾರೂ ಅನ್ನಲಿಲ್ಲ. ಮೈಕಿನಲ್ಲಿ ಬಹುಮಾನ ಓದುವ ಹುಡುಗ ಚೀಟಿ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಬೆಳಗಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡೆ. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಎಲ್ಲಿಗೆ ಅವ್ವಾ ಅಂದೆ. ಸಂಜೆ ಸಿಂಧನೂರು ಕಡೆ ಇನ್ನೊಂದು ‘ರಕ್ತರಾತ್ರಿ’ ಐತಿ, ಅಲ್ಲಿ ಭೀಮ ಯಾರೋ ಏನೋ ಅಂದಳು.