ಸಹ್ಯಾದ್ರಿಯ ಎರಡು ವರದಿಗಳು

ಪಶ್ಚಿಮ ಘಟ್ಟಗಳನ್ನು ಕುರಿತು ಭಾರತ ಸರ್ಕಾರದ ಆಜ್ಞೆಯಂತೆ ಸಿದ್ಧವಾದ ಎರಡು ವರದಿಗಳಲ್ಲಿ ಮಾಧವ ಗಾಡ್ಗೀಳರ ಮಂಡಲಿಯದು (೨೦೧೧) ಕಠಿನವೆಂದೂ ಕಸ್ತೂರಿರಂಗನ್ ಅವರ ಮಂಡಲಿಯದು (೨೦೧೩) ಸೌಮ್ಯವೆಂದೂ ಹೇಳುವುದು ವಾಡಿಕೆಯಾಗಿದೆ. ಕ್ಷೇತ್ರಫಲದ ಲೆಕ್ಕಕ್ಕೆ ಈ ಮಾತು ಸಲ್ಲುವುದು. ಮೊದಲನೆಯದು ೧,೨೯,೦೩೭ ಚದರ ಕಿಲೋಮೀಟರುಗಳ ಪ್ರದೇಶವನ್ನೆಲ್ಲ ಸೂಕ್ಷ್ಮವೆಂದೆಣಿಸಿ ಮೂರು ತರಗತಿಗಳಾಗಿ ವಿಂಗಡಿಸಿತು; ಎರಡನೆಯದು ಘಟ್ಟದ ವಿಸ್ತಾರವನ್ನು ೧,೬೪,೨೮೦ ಚದರ ಕಿಲೋಮೀಟರೆಂದು ಹಿಡಿದು, ಅದರಲ್ಲಿ ನೂರಕ್ಕೆ ೩೭ರಷ್ಟನ್ನು ಮಾತ್ರ ಸೂಕ್ಷ್ಮವೆಂದಿತು. ಆದರೆ ಇವುಗಳ ನಿಜವಾದ ಭೇದವಿರುವುದು ನೆಲದ ವಿಷಯದಲ್ಲಿ ಯಾರ ಸಾಕ್ಷ್ಯವನ್ನು ಪಡೆಯಬೇಕೆಂಬಲ್ಲಿ.

ಗಾಡ್ಗೀಳರ ಮಂಡಲಿಯು ತಾನೆಳೆದ ಗೆರೆಗಳು ತಾತ್ಕಾಲಿಕವೆಂದೂ ಗ್ರಾಮಸಭೆಗಳು ವಿಚಾರ ಮಾಡಿದ ಮೇಲೆಯೇ ಅವು ಸ್ಥಿರವಾಗತಕ್ಕವೆಂದೂ ಹೇಳಿತು. ಕಸ್ತೂರಿರಂಗನ್ ಮಂಡಲಿಯು ಉಪಗ್ರಹದ ಚಿತ್ರಗಳನ್ನಾಧರಿಸಿ ಘಟ್ಟವನ್ನು ಪ್ರಾಕೃತಿಕ, ಸಾಂಸ್ಕೃತಿಕ ಎಂದು ಎರಡು ಭಾಗ ಮಾಡಿತು. ಒಂದು ಗ್ರಾಮದ ನೆಲದಲ್ಲಿ ಐದರಲ್ಲೊಂದು ಪಾಲು ಸೂಕ್ಷ್ಮವಾದರೂ ಆ ಗ್ರಾಮವು ಪಟ್ಟಿಗೆ ಸೇರಿತು.

ಈ ವಿಭಾಗದ ತೊಡಕು ಶಿರಸಿ, ಸಿದ್ದಾಪುರಗಳ ಸೊಪ್ಪಿನ ಬೆಟ್ಟಗಳಲ್ಲಿ ಸ್ಪಷ್ಟವಾಗುವುದು. ಅಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಗಳವರೆಗೆ ಬೆಟ್ಟವನ್ನು ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಮೇಲಿನಿಂದ ನೋಡಿದರೆ ಬೆಟ್ಟವೂ ಮರಗಳ ಹಸುರೇ. ಅದನ್ನು ಪ್ರಕೃತಿಯೆಂದು ಕರೆದರೆ ತೋಟದಿಂದ ಕತ್ತರಿಸಿದಂತಾಯಿತು; ಸಂಸ್ಕೃತಿಯೆಂದರೆ ಕಾಡಿನಿಂದ. ಸವರಿ ಸವರಿ ಬೋಳಾದ ಬೆಟ್ಟಗಳೂ ಉಂಟು. ಅವನ್ನು ತೋರಿಸುವ ಮಟ್ಟಿಗೆ ಉಪಗ್ರಹದ ಕಣ್ಣು ಗ್ರಾಮಸ್ಥರಿಗಿಂತ ನಿರ್ದಾಕ್ಷಿಣ್ಯವೆಂಬುದನ್ನು ಒಪ್ಪಬೇಕು.

ಶಾಸ್ತ್ರಜ್ಞಾನಕ್ಕೂ ಜನರ ಅರಿವಿಗೂ ಸಹಜವಾದ ವೈರವಿದೆಯೆಂದು ಇದರಿಂದ ಭಾವಿಸಲಾಗದು. ೧೯೭೦ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕ್ಷೀಣಿಸುತ್ತಿದ್ದುದನ್ನು ಪರಿಶೀಲಿಸಿದವರು ಇದೇ ಗಾಡ್ಗೀಳರು. ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿದರೆ ಹೊಸ ಚಿಗುರು ಚೆನ್ನಾಗಿ ಏಳುವುದೆಂದು ಅರಣ್ಯಾಧಿಕಾರಿಗಳ ಮತ. ಮುಳ್ಳು ಹೋದರೆ ಕಳಲೆಯು ಮೇಯುವ ಪ್ರಾಣಿಗಳ ಪಾಲಾಗುವುದೆಂದು ಹಳ್ಳಿಗರ ಮತ. ಪ್ರತ್ಯಕ್ಷ ಪರೀಕ್ಷೆಯಲ್ಲಿ ಹಳ್ಳಿಗರ ಮಾತೇ ನಿಂತಿತು. ಅದು ನಿಂತದ್ದು ಹಳ್ಳಿಗರು ಹೇಳಿದರೆಂದಲ್ಲ, ಪರೀಕ್ಷಿಸಿ ನೋಡಿದ್ದರಿಂದ. ಈ ಅನುಭವದ ಫಲವು ೨೦೧೧ರ ವರದಿಯಲ್ಲಿ ಕಾಣುವುದು.

ಹಾಗೆಂದು ಆ ವರದಿಯು ನಿರ್ದೋಷವಲ್ಲ. ಗ್ರಾಮಸಭೆಗೆ ಅಷ್ಟು ಗೌರವ ಕೊಟ್ಟ ಗ್ರಂಥವು ರಚಿತವಾದದ್ದು ಇಂಗ್ಲಿಷಿನಲ್ಲಿ. ಆಗಸ್ಟ್ ೨೦೧೧ರಲ್ಲಿ ಸಲ್ಲಿಸಿದ ವರದಿಯನ್ನು ಸರ್ಕಾರವು ಮೇ ೨೦೧೨ರವರೆಗೆ ಪ್ರಕಟಿಸಲಿಲ್ಲ. ಇದು ಮಂಡಲಿಯ ತಪ್ಪಲ್ಲವಾದರೂ ಓದದ ವರದಿಗೆ ಹೆದರುವವರಿಗೆ ಅವಕಾಶವಾಯಿತು. ಇನ್ನೊಂದು ದೋಷ ಮಾತ್ರ ವರದಿಯದೇ. ಗ್ರಾಮವೆಂದರೆ ಒಂದೇ ಧ್ವನಿಯೆಂಬ ಭಾವನೆ ಅದರಲ್ಲಿ ಬಲವಾಗಿದೆ. ಸೊಪ್ಪಿನ ಬೆಟ್ಟದ ಹಕ್ಕು ತೋಟವುಳ್ಳವರದು. ಅದೇ ಊರಿನಲ್ಲಿ ತೋಟವಿಲ್ಲದೆ ಸೌದೆ ಆಯುವವರೂ ಇದ್ದಾರೆ. ಸಭೆಯಲ್ಲಿ ಯಾರ ಮಾತು ನಡೆಯುವುದೆಂಬ ಪ್ರಶ್ನೆಯನ್ನು ವರದಿಯು ಸಾಕಷ್ಟು ಶೋಧಿಸಿಲ್ಲ.

ಎರಡನೆಯ ವರದಿಯನ್ನಾಧರಿಸಿದ ಕರಡು ಪ್ರಕಟಣೆಗಳು ೨೦೧೪ರಿಂದ ಹೊರಟು, ಆರನೆಯದು ಜುಲೈ ೨೦೨೪ರಲ್ಲಿ ಬಂದಿತು. ಕರ್ನಾಟಕದಲ್ಲಿ ೨೦,೬೬೮ ಚದರ ಕಿಲೋಮೀಟರುಗಳು ಅದರಲ್ಲಿ ಸೇರಿದುವು. ಅದೇ ವರ್ಷ ರಾಜ್ಯದ ಮಂತ್ರಿಮಂಡಲವು ಆ ವರದಿಯನ್ನು ತಿರಸ್ಕರಿಸಿತು. ಬೆಟ್ಟವನ್ನು ತೋಟದೊಡನೆ ಎಣಿಸಬೇಕೆ ಕಾಡಿನೊಡನೆಯೆ ಎಂಬುದು ಆ ತಿರಸ್ಕಾರದಿಂದಲೂ ಇತ್ಯರ್ಥವಾಗಲಿಲ್ಲ.