‘ಅಶುದ್ಧರಕ್ತ’ ಎಂಬ ಮಾತು: ಒಂದು ಪರಾಮರ್ಶೆ

ನಮ್ಮ ಶಾಲಾಪಠ್ಯಗಳು ರಕ್ತವನ್ನು ಶುದ್ಧ, ಅಶುದ್ಧ ಎಂದು ಬಹುಕಾಲ ವಿಭಾಗಿಸುತ್ತ ಬಂದಿವೆ. ಆಮ್ಲಜನಕ ಕುಂದಿದ ರಕ್ತಕ್ಕೆ ‘ಅಶುದ್ಧ’ವೆಂಬ ವಿಶೇಷಣ ನೆನಪಿಗೆ ಸುಲಭ. ಆದರೆ ಪರಿಭಾಷೆಯ ಯೋಗ್ಯತೆಯನ್ನು ಕಠಿಣ ನಿದರ್ಶನದಲ್ಲಿ ಒರೆಹಚ್ಚಿ ನೋಡಬೇಕೆಂದು ನಾವು ತಿಳಿಯುತ್ತೇವೆ. ಅಂಥದೊಂದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ಪರಿಧಮನಿಗಳೆರಡೂ ಮಹಾಪಧಮನಿಯಿಂದ ಹೊರಡಬೇಕು. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಎಡ ಪರಿಧಮನಿಯು ಶ್ವಾಸಕೋಶದ ಅಪಧಮನಿಯಿಂದ ಹೊರಟಿರುತ್ತದೆ. ಬ್ಲ್ಯಾಂಡ್, ವೈಟ್, ಗಾರ್ಲೆಂಡ್ ಎಂಬ ಅಮೆರಿಕದ ವೈದ್ಯರು 1933ರಲ್ಲಿ ವರ್ಣಿಸಿದ ಈ ವಿಕೃತಿಯನ್ನು ಶಾಲೆಯ ಪರಿಭಾಷೆಯಲ್ಲಿ ಹೇಳಹೊರಟರೆ ವಾಕ್ಯ ತಾನಾಗಿ ಒದಗುತ್ತದೆ: ‘ಹೃದಯಕ್ಕೆ ಅಶುದ್ಧರಕ್ತ ಹರಿದು ಕೇಡಾಯಿತು.’ ವಾಕ್ಯ ಅಚ್ಚುಕಟ್ಟಾಗಿದೆ, ಸಂಗತಿ ಹಾಗಿಲ್ಲ.

ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವು ಆ ‘ಅಶುದ್ಧ’ ರಕ್ತದಿಂದಲೇ ಸಾಮಾನ್ಯವಾಗಿ ನೆಮ್ಮದಿಯಾಗಿರುತ್ತದೆ. ಆಗ ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಹೆಚ್ಚು. ವಾರಗಳು ಕಳೆದಂತೆ ಆ ಒತ್ತಡ ಇಳಿದು, ಎಡ ಪರಿಧಮನಿಯ ಹರಿವು ಕುಗ್ಗಿ, ಕಡೆಗೆ ದಿಕ್ಕನ್ನೇ ಬದಲಿಸುತ್ತದೆ: ಬಲ ಪರಿಧಮನಿಯಿಂದ ಸಣ್ಣ ಕವಲುಗಳ ಮೂಲಕ ಬಂದ ಒಳ್ಳೆಯ ರಕ್ತವೇ ಹೃದಯಕ್ಕೆ ದಕ್ಕದೆ ಶ್ವಾಸಕೋಶದ ಕಡೆಗೆ ಸೋರಿಹೋಗುತ್ತದೆ. ಗೊಂದಿ ಅಣೆಕಟ್ಟಿನ ನಾಲೆಗಳನ್ನು ಕಂಡ ಭದ್ರಾವತಿಯವರಿಗೆ, ನಾಲೆಯ ಬಾಯಲ್ಲಿ ಮಟ್ಟ ತಗ್ಗಿದರೆ ನೀರು ಎತ್ತ ಹೋಗುವುದೆಂದು ವಿವರಿಸಬೇಕಾಗಿಲ್ಲ.

ಸ್ಯಾಬಿಸ್ಟನ್ ಮತ್ತು ಅವರ ಸಂಗಡಿಗರು 1960ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ವರದಿ ಇಲ್ಲಿ ನಿರ್ಣಾಯಕವಾದುದು. ಎಡ ಪರಿಧಮನಿಯನ್ನು ಅದರ ಮೂಲದಲ್ಲಿ ಅದುಮಿ ಹಿಡಿದಾಗ ಮುಂದಣ ಭಾಗದ ಒತ್ತಡ ಇಳಿಯಲಿಲ್ಲ, ಏರಿತು. ಧಮನಿಯನ್ನು ಅಲ್ಲಿಯೇ ಕಟ್ಟಿಬಿಟ್ಟರು; ಮಗು ಚೇತರಿಸಿಕೊಂಡಿತು. ಕೆಟ್ಟ ರಕ್ತದ ಪ್ರವೇಶ ನಿಂತುದರಿಂದ ಗುಣವಾಯಿತೆಂದು ಶಾಲೆಯ ಪರಿಭಾಷೆ ವಾದಿಸೀತು. ಆದರೆ ರಕ್ತ ಅಲ್ಲಿಂದ ಒಳಬರುತ್ತಿದ್ದುದಾದರೆ ಒತ್ತಡ ಇಳಿಯಬೇಕಾಗಿತ್ತು! ಈಗ ಕಟ್ಟುವ ಕ್ರಮವನ್ನು ಬಹುಮಟ್ಟಿಗೆ ಕೈಬಿಟ್ಟು, ಧಮನಿಯ ಬುಡವನ್ನು ಗುಂಡಿಯಷ್ಟು ಗೋಡೆಯೊಡನೆ ಕತ್ತರಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಅದು ಎಟುಕದಿದ್ದಲ್ಲಿ 1979ರಲ್ಲಿ ಜಪಾನಿನ ತಾಕೆಯುಚಿ ತೋರಿದ ಒಳಸುರಂಗದ ಮಾರ್ಗವುಂಟು.

ಹಾಲು ಕುಡಿಯುವಾಗ ಬೆವರಿ ಬಿಳಿಚಿಕೊಳ್ಳುವ ಕೂಸನ್ನೆತ್ತಿಕೊಂಡು ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ತಾಯಿಯೂ ಆ ಪಾಠವನ್ನೇ ಓದಿದವಳು. ‘ಅಶುದ್ಧ’ವೆಂದು ಕೇಳಿದೊಡನೆ ಆಕೆ ತಪ್ಪನ್ನು ಹುಡುಕುವುದು ತನ್ನ ಬಸಿರಿನ ಕಾಲದ ಊಟದಲ್ಲಿ, ಪಥ್ಯದಲ್ಲಿ. ‘ಆಮ್ಲಜನಕ ಕುಂದಿದ ರಕ್ತ’ವೆಂಬುದು ಉದ್ದವಾಯಿತೆಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ, ಪಠ್ಯಗಳಲ್ಲಿ ಅದನ್ನೇ ಬಳಸತಕ್ಕುದೆಂದೂ ಸೂಚಿಸುತ್ತೇವೆ.