ಹಡ್ಸನ್ ಸರ್ಕಲ್ ಸಿಗ್ನಲ್‌ನಲ್ಲಿ ಎರಡು ನಿಮಿಷ

ಆಫೀಸಿಗೆ ಹೋಗುವಾಗ ದಿನಾ ಹಡ್ಸನ್ ಸರ್ಕಲ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕ್ಕೊಳ್ತೀನಿ. ಎದುರಿಗೆ ಪಾಲಿಕೆಯ ಕಲ್ಲಿನ ಕಟ್ಟಡ, ಅದರ ಮುಂದೆ ಕೆಂಪೇಗೌಡರ ಪ್ರತಿಮೆ. ಇಲ್ಲಿ ಇನ್ನೊಂದು ಸ್ಮಾರಕ ಇತ್ತು ಅಂತ ನನಗೆ ಗೊತ್ತಾಗಿದ್ದು ಪಕ್ಕದ ನೃಪತುಂಗ ರಸ್ತೆಯ ಹಳೇ ಹೆಸರಿನಿಂದ: ಸೆನೊಟಾಫ್ ರೋಡ್.

1791ರಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಬೆಂಗಳೂರನ್ನು ಕಿತ್ತುಕೊಂಡಿತು. ಆ ಮುತ್ತಿಗೆಯಲ್ಲಿ ಸತ್ತ ತಮ್ಮವರ ನೆನಪಿಗೆ ಬ್ರಿಟಿಷರು ಇಲ್ಲೊಂದು ಎತ್ತರದ ಕಂಬ ನಿಲ್ಲಿಸಿದ್ದರು. 1964ರಲ್ಲಿ ಕನ್ನಡ ಚಳವಳಿಗಾರರ ಒತ್ತಾಯ ಜೋರಾಯಿತು. ಜಿ. ನಾರಾಯಣ ಮೇಯರ್ ಆಗಿದ್ದ ಪಾಲಿಕೆ ಅದನ್ನು ಕೆಡವಿತು.

ಕೆಡವಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಗೆದ್ದವನು ಸೋತ ಊರಿನಲ್ಲಿ ನೆಟ್ಟ ಕಂಬಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಕೈಮುಗಿಯಿರಿ ಅಂದ್ರೆ ಹೇಗೆ? ನನ್ನ ತಕರಾರು ಬೇರೆ. ಒಂದು ಭಾನುವಾರ ಈ ಸರ್ಕಲ್ ಸುತ್ತ ನಡೆದು ಹುಡುಕಿದೆ. ಇಲ್ಲಿ ಏನಿತ್ತು, ಯಾಕೆ ಹೋಯ್ತು ಅಂತ ಹೇಳುವ ಒಂದು ಫಲಕವೂ ಕಣ್ಣಿಗೆ ಬೀಳಲಿಲ್ಲ. ಕೆಡವಿದ್ದು ನಮ್ಮ ಊರಿನ ಹೆಮ್ಮೆಯ ತೀರ್ಮಾನ ಆಗಿದ್ದರೆ, ಅದನ್ನಾದರೂ ಬರೆದಿಡಬಹುದಿತ್ತಲ್ಲ?

ಇದಕ್ಕಿಂತ ವಿಚಿತ್ರ ಏನು ಗೊತ್ತಾ? ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ಗೋಡೆಯಲ್ಲಿ ಅದೇ ಯುದ್ಧದ ಇನ್ನೊಂದು ಕಲ್ಲು ಇದೆ. ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ್ದು ಇಲ್ಲೇ ಅಂತ ಅದು ಸಾರುತ್ತೆ. ಕಂಬ ಹೋಯ್ತು, ಕಲ್ಲು ಉಳೀತು. ಕಣ್ಣಿಗೆ ಕಂಡದ್ದರ ಮೇಲೆ ಸಿಟ್ಟು, ಕಾಣದ್ದರ ಬಗ್ಗೆ ಮರೆವು. ಸ್ಮಾರಕಗಳ ಬಗ್ಗೆ ನಮ್ಮ ನೀತಿ ಇಷ್ಟೇ ಅನ್ನಿಸುತ್ತೆ.

ಪಾಲಿಕೆಯ ಕಥೆಯಂತೂ ಪೂರ್ತಿ ಮರೆತಿದ್ದೀವಿ. 1862ರಿಂದ ಪೇಟೆಗೊಂದು, ದಂಡಿಗೊಂದು ಅಂತ ಎರಡು ಮುನಿಸಿಪಾಲಿಟಿಗಳಿದ್ದವು. 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯ್ತು. ಎರಡು ಭಾಷೆ, ಎರಡು ಆಡಳಿತ, ಎರಡು ಥರದ ಬದುಕು ಒಂದೇ ಕೌನ್ಸಿಲ್‌ನಲ್ಲಿ ಎದುರುಬದುರು ಕೂತ ಘಟನೆ ಅದು. ಈ ಊರಿನ ಬಗ್ಗೆ ನೆನಪಿಡಬೇಕಾದದ್ದು ಇದ್ದರೆ ಇದು. ಇದಕ್ಕೆ ಕುದುರೆ ಬೇಡ, ಖಡ್ಗ ಬೇಡ, ನಾಲ್ಕು ಸಾಲಿನ ಫಲಕ ಸಾಕು.

2022ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡರ 108 ಅಡಿ ಪ್ರತಿಮೆ ಎದ್ದು ನಿಂತಿತು. ಆ ಜಾಗ ಪಾಲಿಕೆ ಗಡಿಯ ಆಚೆ ಇದೆ, ನಿಜ. ಆದರೆ ಊರು ಕಟ್ಟಿದವರ ಪ್ರತಿಮೆ ಎದ್ದಾಗ, ಆ ಊರಿನ ವಾರ್ಡುಗಳಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಅಷ್ಟೂ ವರ್ಷ ಚುನಾವಣೆ ಆಗಲೇ ಇಲ್ಲ.

1964ರ ತೀರ್ಮಾನ ಇಷ್ಟ ಆಗದವರು ತಮ್ಮ ಕಾರ್ಪೊರೇಟರ್ ಮನೆ ಬಾಗಿಲು ತಟ್ಟಿ ಜಗಳ ಆಡಬಹುದಿತ್ತು. ನನಗೆ ಬೀದಿದೀಪ ಕೆಟ್ಟರೂ ತಟ್ಟೋಕೆ ಬಾಗಿಲಿಲ್ಲ, ಆ್ಯಪ್ ಇದೆ.

ಸಿಗ್ನಲ್ ಹಸಿರಾಯ್ತು. ಕೆಂಪೇಗೌಡರು ಅಲ್ಲೇ ನಿಂತಿದ್ದಾರೆ. ಅವರ ಬೆನ್ನ ಹಿಂದಿನ ಕಟ್ಟಡದ ಕೌನ್ಸಿಲ್ ಹಾಲ್‌ನಲ್ಲಿ ವರ್ಷಗಟ್ಟಲೆ ಖಾಲಿ ಇದ್ದ ಕುರ್ಚಿಗಳೇ ನಮ್ಮ ತಲೆಮಾರಿನ ಸ್ಮಾರಕ ಆಗದಿದ್ದರೆ ಸಾಕು.